ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಸೌಂಡ್ ಬದಲಾದಾಗ ಹಳೆ ಫ್ಯಾನ್ಸ್ ಯಾಕೆ ಅಷ್ಟು ಸಿಟ್ಟಾದರು?

ಬ್ಯಾಂಡ್ ತಮ್ಮದು ಅಂತ ಅವರು ನಂಬಿದ್ದರು, ಅದಕ್ಕೆ. 1980ರ ದಶಕದಲ್ಲಿ ಮೆಟಾಲಿಕಾದ್ದು ಥ್ರ್ಯಾಶ್ ಅನ್ನುವ ಥರದ ಮೆಟಲ್: ವೇಗ ಜಾಸ್ತಿ, ಹಾಡು ಉದ್ದ. ಶುರುವಿನಲ್ಲಿ ಅದನ್ನು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿ ಊರೂರಿಗೆ ಹಂಚಿದವರು ಫ್ಯಾನ್ಸೇ ಅಲ್ವಾ? 1991ರಲ್ಲಿ ನಿರ್ಮಾಪಕ ಬಾಬ್ ರಾಕ್ ಜೊತೆ ಮಾಡಿದ ಕಪ್ಪು ಮುಖಪುಟದ ಆಲ್ಬಂನಲ್ಲಿ ವೇಗ ಇಳಿಯಿತು, ಹಾಡುಗಳು ಚಿಕ್ಕದಾದವು, ಕೋಟಿಗಟ್ಟಲೆ ಮಾರಿತು. 1996ರಲ್ಲಿ ಬ್ಯಾಂಡಿನವರು ಉದ್ದ ಕೂದಲನ್ನೂ ಕತ್ತರಿಸಿಕೊಂಡು ಬಂದಾಗಂತೂ ಹಳಬರಿಗೆ ತಡೆದುಕೊಳ್ಳಲು ಆಗಲಿಲ್ಲ.

2003ರ 'ಸೇಂಟ್ ಆಂಗರ್' ಆಲ್ಬಂ ಮೇಲಿನ ಸಿಟ್ಟು ಬೇರೆ ಥರದ್ದು, ನನ್ನ ಪ್ರಕಾರ ಅದು ನ್ಯಾಯವಾದದ್ದು. ಗಿಟಾರ್ ಸೋಲೋ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ, ಒಂದೂ ಇಲ್ಲ. ಸ್ನೇರ್ ಡ್ರಮ್ಮಿನ ಅಡಿಯ ತಂತಿ ಚರ್ಮಕ್ಕೆ ತಾಗದ ಹಾಗೆ ಬಿಟ್ಟಿದ್ದರಿಂದ ಹಾಡಿನುದ್ದಕ್ಕೂ ಖಾಲಿ ಡಬ್ಬ ಬಡಿದ ಹಾಗೆ ಟಣ್ ಟಣ್ ಅನ್ನುತ್ತದೆ.

ಮಡಿಕೇರಿಯಲ್ಲಿ ನಮ್ಮ ಗುಂಪಿನಲ್ಲೂ ಇದೇ ಜಗಳ. ಮಳೆಗಾಲದಲ್ಲಿ ಕರೆಂಟ್ ಹೋದರೂ ನಿಲ್ಲುವುದಿಲ್ಲ. ನಮ್ಮ ಅಣ್ಣಂದಿರು 1980ರ ದಶಕ ಬಿಟ್ಟು ಮುಂದಕ್ಕೆ ಬರುವುದೇ ಇಲ್ಲ, ನಮ್ಮಂಥವರು ಮೆಟಲ್‌ಗೆ ಬಂದಿದ್ದೇ ಆ ಕಪ್ಪು ಆಲ್ಬಂನಿಂದ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ಎರಡೂ ಕಾಲದ ಹಾಡು ನುಡಿಸಿತು, ಜನ ಎರಡಕ್ಕೂ ಕುಣಿದರು.