ರಕ್ತದ ಮಾತು ಬಿಡಿ, ಮೈದಾನದ ಮಾತು ಬರೆಯಿರಿ

ಸುರಪುರದ ಮಿತ್ರರಿಗೆ ನಮಸ್ಕಾರ.

ನಿಮ್ಮ ‘ಖಂಡಗಳ ಕಾಲ್ಚೆಂಡು’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕಲಾರೆ. ಹಾಗಂತ ಒಂದು ಸಾಲಿನ ವಿಷಾದ ಪತ್ರ ಕಳಿಸಿ ಕೈತೊಳೆದುಕೊಳ್ಳುವಂಥ ಬರಹವೂ ಅಲ್ಲ. ನಿಮಗೆ ಆಟ ಗೊತ್ತಿದೆ, ಓದಿಸಿಕೊಂಡು ಹೋಗುವ ಕನ್ನಡ ಇದೆ. ಎಡವಿರುವುದು ಕಾರಣ ಹುಡುಕುವ ಜಾಗದಲ್ಲಿ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಆರು ಪುಟಗಳಲ್ಲಿ ನೀವು ಹೇಳಿರುವುದು ಇಷ್ಟು: ಯುರೋಪಿನವರಿಗೆ ಶಿಸ್ತು, ದಕ್ಷಿಣ ಅಮೆರಿಕದವರಿಗೆ ಹುಟ್ಟುಗುಣದ ಕಲೆ, ಆಫ್ರಿಕದವರಿಗೆ ಬರೀ ಮೈಬಲ, ಏಷ್ಯಾದವರಿಗೆ ಅದೂ ಇಲ್ಲ. ಆ ಕಾರಣಕ್ಕೇ 2022ರವರೆಗಿನ 22 ವಿಶ್ವಕಪ್‌ಗಳಲ್ಲಿ 12 ಯುರೋಪಿಗೆ, 10 ದಕ್ಷಿಣ ಅಮೆರಿಕಕ್ಕೆ ಹೋದವು, ಉಳಿದವರ ಕೈ ಖಾಲಿ. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಕಾರಣ ಮಾತ್ರ ನಿಲ್ಲುವುದಿಲ್ಲ.

ಮೂರನೇ ಪುಟದ ಈ ವಾಕ್ಯ ನೋಡಿ: “ಆಫ್ರಿಕನ್ನರ ರಕ್ತದಲ್ಲೇ ವೇಗವಿದೆ, ಆದರೆ ತಲೆಯಲ್ಲಿ ಶಿಸ್ತಿಲ್ಲ, ಅದಕ್ಕೇ ಕ್ವಾರ್ಟರ್‌ಫೈನಲ್ ದಾಟುವುದಿಲ್ಲ.” ಮೊದಲನೆಯದಾಗಿ, ದಾಟಿದ್ದಾರೆ. 2022ರಲ್ಲಿ ಮೊರಾಕೊ ಬೆಲ್ಜಿಯಂ ತಂಡವನ್ನು 2–0ಯಿಂದ ಸೋಲಿಸಿತು, ಸ್ಪೇನನ್ನು ಪೆನಾಲ್ಟಿಯಲ್ಲಿ ಮನೆಗೆ ಕಳಿಸಿತು, ಪೋರ್ಚುಗಲ್ ವಿರುದ್ಧ 1–0ಯಿಂದ ಗೆದ್ದು ಸೆಮಿಫೈನಲ್ ತಲುಪಿತು. ಅಲ್ಲಿಯವರೆಗೆ ಅವರ ಬಲೆಗೆ ಬಿದ್ದದ್ದು ಒಂದೇ ಗೋಲು. ಅದೂ ಕೆನಡಾ ವಿರುದ್ಧ ತಮ್ಮವರದೇ ಕಾಲಿಗೆ ತಗುಲಿ ಒಳಹೋದದ್ದು. ಐದು ಪಂದ್ಯಗಳಲ್ಲಿ ಎದುರಾಳಿಯ ಒಬ್ಬ ಆಟಗಾರನಿಗೂ ಗೋಲು ಹೊಡೆಯಲು ಬಿಡದ ರಕ್ಷಣೆಗೆ ಶಿಸ್ತು ಅನ್ನದೆ ಇನ್ನೇನು ಅನ್ನುತ್ತೀರಿ?

ಅದಕ್ಕೂ ಹಿಂದೆ 1990ರಲ್ಲಿ ಕ್ಯಾಮರೂನ್, 2002ರಲ್ಲಿ ಸೆನೆಗಲ್, 2010ರಲ್ಲಿ ಘಾನಾ ಕ್ವಾರ್ಟರ್‌ಫೈನಲ್‌ವರೆಗೆ ಬಂದು ನಿಂತವು. ಘಾನಾ ಕಥೆ ನಿಮಗೇ ಗೊತ್ತು. ಹೆಚ್ಚುವರಿ ಸಮಯದ ಕೊನೇ ಗಳಿಗೆಯಲ್ಲಿ ಒಳಹೋಗುತ್ತಿದ್ದ ಚೆಂಡನ್ನು ಉರುಗ್ವೆಯ ಸುವಾರೆಸ್ ಕೈಯಿಂದ ತಡೆದ, ಪೆನಾಲ್ಟಿ ಸಿಕ್ಕಿತು, ಅಸಾಮೋವಾ ಗ್ಯಾನ್ ಹೊಡೆದದ್ದು ಮೇಲಿನ ಅಡ್ಡಪಟ್ಟಿಗೆ ಬಡಿಯಿತು. ಆ ಚೆಂಡು ಒಂದು ಗೇಣು ಕೆಳಗೆ ಹೋಗಿದ್ದರೆ ಖಂಡದ ಸ್ವಭಾವದ ಬಗ್ಗೆ ನಿಮ್ಮ ವಾಕ್ಯವೇ ಬೇರೆ ಆಗುತ್ತಿತ್ತು. ಹಾಗೆ ಬದಲಾಗುವ ಮಾತನ್ನು ರಕ್ತಕ್ಕೆ ಕಟ್ಟಬಾರದು.

ಇನ್ನು ಆಫ್ರಿಕದ ಸೋಲಿಗೆ ಕಣ್ಣಿಗೆ ಕಾಣುವ ಕಾರಣಗಳಿವೆ, ಅವನ್ನು ನೀವು ಮುಟ್ಟಿಯೇ ಇಲ್ಲ. ಖಾತ್ರಿಯಾಗಿ ಒಂದು ಸ್ಥಾನವನ್ನೂ ಕೊಡಲಿಲ್ಲವೆಂದು 1966ರ ವಿಶ್ವಕಪ್ಪನ್ನು ಆಫ್ರಿಕದ ದೇಶಗಳು ಬಹಿಷ್ಕರಿಸಿದವು. ಆ ಒಂದು ಸ್ಥಾನ ಸಿಕ್ಕಿದ್ದು 1970ಕ್ಕೆ. 2022ರಲ್ಲಿ ಕೂಡ ಫಿಫಾದ 54 ಆಫ್ರಿಕನ್ ಸದಸ್ಯ ದೇಶಗಳಿಗೆ 5 ಸ್ಥಾನ, ಯುರೋಪಿನ 55ಕ್ಕೆ 13. ದೊಡ್ಡ ಅಂಗಳಕ್ಕೆ ಬರುವವರೇ ಕಡಿಮೆಯಾದರೆ ಗೆಲ್ಲುವವರು ಎಲ್ಲಿಂದ ಬರಬೇಕು? ಮೇಲೆ ಆಡಳಿತದ ಅವ್ಯವಸ್ಥೆ. 2014ರಲ್ಲಿ ಬಾಕಿ ಹಣ ಕೈಗೆ ಬರುವವರೆಗೆ ಆಡುವುದಿಲ್ಲ ಎಂದು ಘಾನಾ ಆಟಗಾರರು ಕೂತರು. ಕಡೆಗೆ ಸರ್ಕಾರ 30 ಲಕ್ಷ ಡಾಲರ್‌ಗೂ ಹೆಚ್ಚು ನಗದನ್ನು ವಿಮಾನದಲ್ಲಿ ಬ್ರೆಜಿಲ್‌ಗೆ ಕಳಿಸಬೇಕಾಯಿತು. ಅದೇ ವರ್ಷ ಕ್ಯಾಮರೂನ್ ಆಟಗಾರರು ಬೋನಸ್ ಜಗಳದಲ್ಲಿ ವಿಮಾನ ಹತ್ತಲು ಒಪ್ಪಲಿಲ್ಲ. ಶಿಸ್ತು ತಪ್ಪಿದ್ದು ಕಚೇರಿಯಲ್ಲಿ. ನೀವು ಶಿಕ್ಷೆ ಕೊಟ್ಟದ್ದು ಆಟಗಾರನಿಗೆ.

ಮೊರಾಕೊ ಕಚೇರಿಯನ್ನು ಸರಿ ಮಾಡಿಕೊಂಡಿತು. ಸಲೆ ನಗರದ ಬಳಿಯ ಮೊಹಮ್ಮದ್ 6 ಅಕಾಡೆಮಿಯಿಂದ ಎನ್-ನೆಸೀರಿ, ಔನಾಹಿ, ಅಗೆರ್ಡ್ ಬಂದರು. ಪೋರ್ಚುಗಲ್ ವಿರುದ್ಧದ ಗೋಲು ಎನ್-ನೆಸೀರಿಯದೇ. ಜೊತೆಗೆ ಹೊರದೇಶಗಳಲ್ಲಿ ಹುಟ್ಟಿದ ಮೊರಾಕೊ ಮಕ್ಕಳನ್ನು ಕರೆತಂದರು, 26 ಮಂದಿಯಲ್ಲಿ 14 ಜನ. ಹಕೀಮಿ ಹುಟ್ಟಿದ್ದು ಮ್ಯಾಡ್ರಿಡ್‌ನಲ್ಲಿ. ಇದನ್ನು ನೀವು “ಎರವಲು ತಂಡ” ಎಂದು ಬರೆದಿದ್ದೀರಿ. ಆ ಪದ ತೆಗೆಯಿರಿ. ಕೂಲಿ ಅರಸಿ ಹೋದವರ ಮಕ್ಕಳು ಅಪ್ಪ-ಅಮ್ಮನ ಊರಿನ ಅಂಗಿ ತೊಟ್ಟರೆ ಅದು ಎರವಲಲ್ಲ. ಪುಣೆ, ಮುಂಬೈಗೆ ದುಡಿಯಲು ಹೋಗುವ ಜನರ ಜಿಲ್ಲೆಯಿಂದ ಬರೆಯುವ ನಿಮಗೆ ಇದು ಗೊತ್ತಿರಬೇಕಿತ್ತು.

ನನ್ನನ್ನು ಹೆಚ್ಚು ನೋಯಿಸಿದ್ದು ಬೇರೆ. ಹತ್ತನೇ ತರಗತಿ ಫಲಿತಾಂಶದಲ್ಲಿ 2024ರಲ್ಲಿ ನಿಮ್ಮ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯಕ್ಕೇ ಕಡೆಯಾದವು. “ಆ ಕಡೆ ಮಂದೀಗೆ ಬಿಸಿಲಿಗೆ ಮೈ ಬಗ್ಗಂಗಿಲ್ರಿ” ಅನ್ನುವ ಮಾತು ಆಗ ನಿಮ್ಮ ಕಿವಿಗೂ ಬಿದ್ದಿರುತ್ತದೆ, ಸಿಟ್ಟೂ ಬಂದಿರುತ್ತದೆ. ಬರಲೇಬೇಕು. ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬೇಕೆಂದು ಈ ಭಾಗ ವರ್ಷಗಟ್ಟಲೆ ಕೇಳಿದಾಗ ಯಾರೂ ಸ್ವಭಾವದ ಮಾತಾಡಲಿಲ್ಲ. ಖಾಲಿ ಹುದ್ದೆ, ಬಾರದ ಅನುದಾನ, ಇಲ್ಲದ ಶಿಕ್ಷಕರನ್ನು ಎಣಿಸಿ ತೋರಿಸಿದರು. ನಮ್ಮ ಮಕ್ಕಳಿಗೆ ಕೇಳುವ ನ್ಯಾಯವನ್ನು ಕ್ಯಾಮರೂನಿನ ಹುಡುಗನಿಗೂ ಕೊಡಿ. ನಿಮ್ಮ ಲೇಖನವನ್ನು ತಡೆಹಿಡಿಯಲು ನನಗಿರುವ ಮುಖ್ಯ ಕಾರಣ ಇದೇ.

ಯುರೋಪಿನ ಶಿಸ್ತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2000ದ ಯುರೋ ಕಪ್‌ನಲ್ಲಿ ಜರ್ಮನಿ ತನ್ನ ಗುಂಪಿನಲ್ಲಿ ಕಡೆಯಾಗಿತ್ತು. ಆಮೇಲೆ ಅಲ್ಲಿನ ವೃತ್ತಿಪರ ಲೀಗ್ ಬುಂಡೆಸ್‌ಲೀಗಾದ ಕ್ಲಬ್‌ಗಳಿಗೆ ಯುವ ಅಕಾಡೆಮಿ ಕಡ್ಡಾಯ ಮಾಡಿದರು, ದೇಶದ ತುಂಬ ತರಬೇತಿ ಕೇಂದ್ರ ತೆರೆದರು, 2014ರಲ್ಲಿ ಕಪ್ ಗೆದ್ದರು. ಅದೇ ಜರ್ಮನಿ 2018, 2022 ಎರಡರಲ್ಲೂ ಮೊದಲ ಸುತ್ತಿನಲ್ಲೇ ಹೊರಬಿತ್ತು. ಏಷ್ಯಾದವರಿಗೆ ಮೈಕಟ್ಟಿಲ್ಲ ಅನ್ನುತ್ತೀರಿ. ಜಪಾನ್ ವೃತ್ತಿಪರ ಲೀಗ್ ಶುರು ಮಾಡಿದ್ದು 1993ರಲ್ಲಿ, ಮೊದಲ ವಿಶ್ವಕಪ್ ಆಡಿದ್ದು 1998ರಲ್ಲಿ. 2022ರಲ್ಲಿ ಜರ್ಮನಿ, ಸ್ಪೇನ್ ಎರಡನ್ನೂ 2–1ರಿಂದ ಸೋಲಿಸಿತು. ಅಷ್ಟರಲ್ಲಿ ಜಪಾನೀಯರ ರಕ್ತವೇನೂ ಬದಲಾಗಿರಲಿಲ್ಲ.

ಈಗ ಒಳ್ಳೆಯ ಮಾತಿಗೆ ಬರುತ್ತೇನೆ. ಏಳನೇ ಪುಟದ ನಡುವೆ, ನೀವೇ ಗಮನ ಕೊಡದಂತೆ ಒಂದು ಸಾಲು ಬರೆದಿದ್ದೀರಿ: “ನಮ್ಮ ಶಾಲೆ ತಂಡ ತಾಲ್ಲೂಕು ಮಟ್ಟದಲ್ಲಿ ಒಂದು ಪಂದ್ಯ ಸೋತರೆ ಆ ವರ್ಷದ ಫುಟ್‌ಬಾಲ್ ಅಲ್ಲಿಗೇ ಮುಗೀತು, ಪಿ.ಟಿ. ಮಾಸ್ತರು ಚೆಂಡನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕುತ್ತಾರೆ.” ಅದರ ಹಿಂದಿನ ಆರು ಪುಟಗಳಿಗಿಂತ ಈ ಒಂದು ಸಾಲು ದೊಡ್ಡದು. ನೀವು ಹುಡುಕುತ್ತಿದ್ದ ಉತ್ತರ ಅದರಲ್ಲೇ ಇದೆ. ಯಾರಿಗೆ ಎಷ್ಟು ಗಟ್ಟಿ ಪಂದ್ಯ ಸಿಗುತ್ತದೆ, ಸೋತ ಮೇಲೆ ಮತ್ತೆ ಆಡಲು ಬಿಡುತ್ತಾರೋ ಇಲ್ಲವೋ?

ಉರುಗ್ವೆಯನ್ನೇ ತೆಗೆದುಕೊಳ್ಳಿ. ಇಡೀ ದೇಶದ ಜನ ಸುಮಾರು 35 ಲಕ್ಷ. 2011ರ ಜನಗಣತಿಯಂತೆ ಕಲಬುರಗಿ, ಯಾದಗಿರಿ ಎರಡೇ ಜಿಲ್ಲೆ ಸೇರಿದರೆ 37 ಲಕ್ಷ ದಾಟುತ್ತದೆ. ಅಷ್ಟು ಜನರ ದೇಶ 1930ರಲ್ಲೂ 1950ರಲ್ಲೂ ವಿಶ್ವಕಪ್ ಗೆದ್ದಿದೆ. ಎರಡನೆಯದನ್ನು ಗೆದ್ದದ್ದು ಮಾರಕಾನಾದಲ್ಲಿ, ಬ್ರೆಜಿಲ್ ಜನರ ಕಣ್ಣೆದುರೇ. ಅಲ್ಲಿ ಆರೇಳು ವರ್ಷದ ಮಕ್ಕಳಿಗೇ ‘ಬೇಬಿ ಫುಟ್‌ಬಾಲ್’ ಲೀಗುಗಳಿವೆ. ಈ ವಾರ ಸೋತ ಮಗು ಮುಂದಿನ ವಾರ ಮತ್ತೆ ಅಂಗಳದಲ್ಲಿರುತ್ತದೆ. ದೊಡ್ಡವರಿಗೂ ಅದೇ. ದಕ್ಷಿಣ ಅಮೆರಿಕದ ಒಕ್ಕೂಟದಲ್ಲಿ ಇರುವುದೇ 10 ದೇಶ, ಅರ್ಹತಾ ಸುತ್ತಿನಲ್ಲಿ ಪ್ರತಿಯೊಬ್ಬರೂ ಉಳಿದ ಒಂಬತ್ತು ಮಂದಿಯ ಎದುರು ತಮ್ಮ ನೆಲದಲ್ಲಿ ಒಮ್ಮೆ, ಅವರ ನೆಲದಲ್ಲಿ ಒಮ್ಮೆ ಆಡಬೇಕು. ಒಟ್ಟು 18 ಪಂದ್ಯ, ಒಂದೂ ಸುಲಭದ್ದಲ್ಲ. ಹುಟ್ಟುಗುಣದ ಕಲೆ ಎಂದು ನೀವು ಬರೆದಿರುವುದು ಹೀಗೆ ಆಡಿ ಆಡಿ ಬಂದದ್ದು. ಬರೀ ನೆಲದ ಗುಣವೇ ಸಾಕಾಗಿದ್ದರೆ, 3,600 ಮೀಟರ್ ಎತ್ತರದ ಲಾ ಪಾಸ್‌ನಲ್ಲಿ 2009ರಲ್ಲಿ ಅರ್ಜೆಂಟೀನಾವನ್ನು 6–1ರಿಂದ ಬಡಿದ ಬೊಲಿವಿಯಾ 1994ರ ನಂತರ 2022ರವರೆಗೆ ವಿಶ್ವಕಪ್ಪಿನ ಹೊರಗೇ ಉಳಿಯುತ್ತಿರಲಿಲ್ಲ.

ಭಾರತದ ಪುಟದಲ್ಲಿ ತಿದ್ದಬೇಕಾದ ಒಂದು ತಪ್ಪಿದೆ. ಬರಿಗಾಲಲ್ಲಿ ಆಡಲು ಬಿಡದ ಕಾರಣಕ್ಕೇ 1950ರ ವಿಶ್ವಕಪ್‌ಗೆ ಭಾರತ ಹೋಗಲಿಲ್ಲ ಅನ್ನುವುದು ಬಾಯಿಂದ ಬಾಯಿಗೆ ಬಂದ ಕಥೆ. ಆಗಿನ ಆಡಳಿತದವರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸ್ ದೊಡ್ಡದಾಗಿತ್ತು. ಇಲ್ಲಿ ನೀವು ಕೈಬಿಟ್ಟಿರುವ ಸಂಗತಿ ನಮ್ಮ ಮನೆಬಾಗಿಲಿನದು. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ಅದಾದ ಒಂದೇ ತಿಂಗಳಿಗೆ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್ ತಲುಪಿತು, ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಆ ತಂಡದ ಕೋಚ್ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 54ರವರೆಗೆ ಐದು ವರ್ಷ ಸತತವಾಗಿ ಮುಂಬೈಯ ರೋವರ್ಸ್ ಕಪ್ ಪಂದ್ಯಾವಳಿ ಗೆದ್ದಿತ್ತು. 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಅವರ ಹುಡುಗರು ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ ತಂದರು. ಮರುವರ್ಷ ರಹೀಂ ತೀರಿಕೊಂಡರು. ಅದೇ ಕೊರಿಯಾ 2002ರಲ್ಲಿ ವಿಶ್ವಕಪ್ ಸೆಮಿಫೈನಲ್ ಆಡಿತು. ಇಬ್ಬರೂ ಒಂದೇ ಖಂಡದವರು, ಒಂದು ಕಾಲಕ್ಕೆ ನಾವೇ ಮುಂದಿದ್ದವರು. ಈ ನಲವತ್ತು ವರ್ಷದ ಅಂತರ ಯಾಕಾಯಿತು ಅನ್ನುವುದನ್ನು ಬರೆದರೆ ಏಷ್ಯಾದ ಭಾಗ ತಾನಾಗಿ ಸರಿಹೋಗುತ್ತದೆ.

ಮತ್ತೆ ಬರೆಯುವಾಗ ಏಳನೇ ಪುಟದ ಆ ಕೀಲಿ ಹಾಕಿದ ಕಪಾಟಿನಿಂದ ಶುರು ಮಾಡಿ, ಅಲ್ಲಿಂದ ಉರುಗ್ವೆಗೆ ಹೋಗಿ. ಯುರೋಪಿನ ಎರಡು ಪುಟ ಅರ್ಧ ಪುಟವಾಗಲಿ. ಮಾಸ್ತರನ್ನು ಬೈಯಬೇಡಿ, ಅವರ ಜೊತೆ ಕೂತು ಮಾತಾಡಿ. ವರ್ಷಕ್ಕೆ ಎಷ್ಟು ಚೆಂಡು ಬರುತ್ತವೆ, ಹುಡುಗರನ್ನು ಜಿಲ್ಲಾ ಮಟ್ಟಕ್ಕೆ ಕರೆದೊಯ್ಯುವ ಬಸ್ ಖರ್ಚು ಯಾರ ಕಿಸೆಯಿಂದ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಸಾಧ್ಯವಾದರೆ ಹೈದರಾಬಾದಿನ ಹಳೇ ಆಟಗಾರರ ಮನೆತನದವರನ್ನು ಹುಡುಕಿ ಒಮ್ಮೆ ಹೋಗಿ ಬನ್ನಿ, ಬಸ್ ಚಾರ್ಜು ಪತ್ರಿಕೆ ಕೊಡುತ್ತದೆ. 1,500 ಪದ ಮೀರದಿರಲಿ. ದಸರಾ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.