ವಿದೇಶಿ ನೆರವಿನ ಕೆಲಸಗಳು ಬಡವರ ಬದುಕನ್ನು ನಿಜವಾಗಿ ಬದಲಿಸುತ್ತವಾ?

ಹೊರದೇಶದ ದುಡ್ಡಿನಲ್ಲಿ ನಡೆಯುವ ಅಭಿವೃದ್ಧಿ ಕೆಲಸದಿಂದ ಬಡವರಿಗೆ ಏನಾದರೂ ಸಿಗುತ್ತಾ, ಇಲ್ಲಾ ವರದಿ ಬರೆಯೋದರಲ್ಲೇ ಮುಗಿಯುತ್ತಾ, ಇಂಥ ಸಂಸ್ಥೆಗೆ ಸೇರಬಹುದಾ ಅಂತ ಕೇಳಿದ್ದೀರಿ.

ಸಿಗುತ್ತದೆ. ಆದರೆ ಕಲಿಸಿದ್ದು ಜನರಿಗೆ ಮುಟ್ಟಿತಾ ಅಂತ ಮನೆಗೆ ಹೋಗಿ ನೋಡುವ ಕಡೆ ಮಾತ್ರ. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅವರಿಗೆ ನಾನು ತಪ್ಪದೆ ಹೇಳುವುದು ಬಾಂಗ್ಲಾದೇಶದಲ್ಲಿ ಬಡವರ ನಡುವೆ ಕೆಲಸ ಮಾಡುವ ಬ್ರಾಕ್ ಎಂಬ ಸ್ವಯಂಸೇವಾ ಸಂಸ್ಥೆಯ ವಿಷಯ.

ಭೇದಿಯಿಂದ ಅಲ್ಲಿ ಮಕ್ಕಳು ಸಾಯುತ್ತಿದ್ದರು. ಮದ್ದು ಆಗಲೇ ಗೊತ್ತಿತ್ತು. 1971ರ ಬಾಂಗ್ಲಾ ಯುದ್ಧದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರಕ್ಕೆ ಕಾಲರಾ ಬಂದಾಗ ಡ್ರಿಪ್ ಬಾಟಲಿ ಸಾಲಲಿಲ್ಲ. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ ಬೆರೆಸಿದ ನೀರನ್ನೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗೆ ಇಳಿಯಿತು. ಸಕ್ಕರೆ ಜೊತೆಗಿದ್ದರೆ ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಅಷ್ಟೇ.

ಆದರೆ ಇದನ್ನು ಹಳ್ಳಿಯ ತಾಯಂದಿರಿಗೆ ಹೇಳುವವರು ಯಾರು? 1980ರಿಂದ ಬ್ರಾಕ್ ಹೆಣ್ಣುಮಕ್ಕಳನ್ನು ಮನೆಮನೆಗೆ ಕಳಿಸಿತು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿ ತನ್ನ ಕೈಯಿಂದಲೇ ಮಾಡಿ ತೋರಿಸಬೇಕು. ಹತ್ತು ವರ್ಷಗಳಲ್ಲಿ 1.2 ಕೋಟಿಗೂ ಜಾಸ್ತಿ ಮನೆಗಳಿಗೆ ಹೋದರು. ಹಣ ಕೊಟ್ಟವರು ಹೊರದೇಶದ ದಾನಿಗಳು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವರ ಸಂಬಳದ ಲೆಕ್ಕ. ಎಷ್ಟು ಮನೆಗೆ ಹೋದಿರಿ ಅಂತ ನೋಡಿ ದುಡ್ಡು ಕೊಡುತ್ತಿರಲಿಲ್ಲ. ಕೆಲವು ವಾರ ಬಿಟ್ಟು ಬೇರೆಯವರು ಕೆಲವು ಮನೆ ಆರಿಸಿಕೊಂಡು ಹೋಗುತ್ತಿದ್ದರು. ಹೇಳಿಕೊಟ್ಟ ಹತ್ತು ಅಂಶಗಳಲ್ಲಿ ತಾಯಿಗೆ ಎಷ್ಟು ನೆನಪಿದೆಯೋ, ಅದರ ಮೇಲೆ ಕಾರ್ಯಕರ್ತೆಯ ಸಂಬಳ. ಸುಮ್ನೆ ಹಾಜರಿ ಹಾಕಿ ಬಂದರೆ ಕೈಗೆ ಕಾಸು ಬರುತ್ತಿರಲಿಲ್ಲ.

ಆದರೂ ಮೊದಮೊದಲು ಒಂದು ತೊಡಕು ಕಂಡಿತು. ತಾಯಂದಿರಿಗೆ ನೆನಪಿತ್ತು, ಆದರೆ ಮಗುವಿಗೆ ಭೇದಿಯಾದಾಗ ಬಹಳ ಮಂದಿ ಕುಡಿಸುತ್ತಿರಲಿಲ್ಲ. ವಿಚಾರಿಸಿದರೆ, ಕಲಿಸಲು ಹೋದವರಿಗೇ ಅದರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಗಂಡಸರಿಗಂತೂ ಯಾರೂ ಏನೂ ಹೇಳಿರಲಿಲ್ಲ. ಆಮೇಲೆ ಕಾರ್ಯಕರ್ತೆಯರಿಗೆ ಈ ನೀರು ಹೇಗೆ ಕೆಲಸ ಮಾಡುತ್ತದೆ ಅಂತ ಬಿಡಿಸಿ ಹೇಳಿದರು. ಗಂಡಸರ ಜೊತೆ ಸಂತೆಯಲ್ಲಿ, ಮಸೀದಿಯಲ್ಲಿ ಮಾತಾಡಿದರು. ಬಳಕೆ ಹೆಚ್ಚಿತು. ತಾಯಂದಿರು ಪೆದ್ದರು ಅಂತ ಷರಾ ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ ನೋಡಿ, ಅದಕ್ಕೇ ಅವರ ಮೇಲೆ ನನಗೆ ಗೌರವ.

ಹಾಗಾಗಿ ನೀವು ಸೇರಬೇಕೆಂದಿರುವ ಸಂಸ್ಥೆಯವರನ್ನು ಕೇಳಿ: ನೀವು ಬಂದುಹೋದ ಮೇಲೆ ಆ ಮನೆಗೆ ಮತ್ತೆ ಯಾರು ಹೋಗುತ್ತಾರೆ? ಏನು ಕೇಳುತ್ತಾರೆ? ಹೋದ ವರ್ಷ ಅದರಿಂದ ನೀವು ಏನು ಬದಲಿಸಿದಿರಿ? ಮೂರನೆಯದಕ್ಕೆ ಅವರು ಥಟ್ಟನೆ ಒಂದು ಉದಾಹರಣೆ ಕೊಟ್ಟರೆ ಸೇರಿಕೊಳ್ಳಿ.