ಅಮೆರಿಕದಲ್ಲಿ ಮನೆ ಹತ್ತಿರದ ಪಬ್ಲಿಕ್ ಎಲಿಮೆಂಟರಿ ಶಾಲೆಯ ಟೆಸ್ಟ್ ಸ್ಕೋರ್ ಕಡಿಮೆ ಇದೆ. ಅಲ್ಲಿ ಪಾಠ ಚೆನ್ನಾಗಿಲ್ಲ ಅಂತಾನಾ?

ಹಾಗೇನಿಲ್ಲ. ಒಟ್ಟು ಸ್ಕೋರ್‌ನಲ್ಲಿ ಪಾಠಕ್ಕಿಂತ ಮನೆಯ ಪರಿಸ್ಥಿತಿಯೇ ಜಾಸ್ತಿ ಕಾಣುತ್ತದೆ. ಅಮೆರಿಕದ ಶಾಲೆಗಳ ಬಗ್ಗೆ ನಡೆದ ದೊಡ್ಡ ಅಧ್ಯಯನವಾದ 1966ರ ಕೋಲ್ಮನ್ ವರದಿಯೇ ಇದನ್ನು ಹೇಳಿತ್ತು.

ಅಲ್ಲಿನ ಕಾನೂನಿನ ಪ್ರಕಾರ ಓದು, ಗಣಿತದ ಪರೀಕ್ಷೆ ಪ್ರತಿ ವರ್ಷ ನಡೆಯುವುದು 3ರಿಂದ 8ನೇ ತರಗತಿಗೆ. ಅಂದರೆ 5ನೇ ತರಗತಿವರೆಗಿನ ಶಾಲೆಯಲ್ಲಿ ಮೂರೇ ತರಗತಿಗಳ ಅಂಕ ಸಿಗುತ್ತದೆ. ಬಡ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಅಂಗವೈಕಲ್ಯ ಇರುವವರು, ಜನಾಂಗ ಅಂತ ಫಲಿತಾಂಶವನ್ನು ಬೇರೆ ಬೇರೆಯಾಗಿಯೂ ಕೊಡುತ್ತಾರೆ. ಮೊದಲು ಅದನ್ನು ನೋಡಿ. ಆದರೆ ಗುಂಪು ಚಿಕ್ಕದಿದ್ದರೆ ಹುಷಾರು: 20 ಮಕ್ಕಳಲ್ಲಿ ಇಬ್ಬರು ಎಡವಿದರೂ ಪಾಸಾದವರ ಪ್ರಮಾಣ ಶೇಕಡಾ 10 ಅಂಶ ಇಳಿಯುತ್ತದೆ. ಇನ್ನೊಂದು, ಇಂಗ್ಲಿಷ್ ಚೆನ್ನಾಗಿ ಬಂದ ಮಗು ಕ್ರಮೇಣ ಇಂಗ್ಲಿಷ್ ಕಲಿಯುವವರ ಗುಂಪಿನಿಂದ ಹೊರಬರುತ್ತದೆ, ಹೊಸಬರು ಸೇರುತ್ತಾರೆ. ಹಾಗಾಗಿ ಆ ಅಂಕಿ ಸಾಮಾನ್ಯವಾಗಿ ಕಡಿಮೆಯೇ ಕಾಣುತ್ತದೆ. ಪಾಪ, ಅದಕ್ಕೆ ಟೀಚರ್‌ಗಳನ್ನು ದೂರೋದು ಅನ್ಯಾಯ ಅಲ್ವಾ?

ಶಾಲೆಯಲ್ಲಿ ಬಡ ಮಕ್ಕಳು ಎಷ್ಟು ಅಂತ ತಿಳಿಯಲು ನೋಡುವ ಉಚಿತ ಊಟದ ಅಂಕಿಯನ್ನೂ ಸುಮ್ನೆ ನಂಬಬೇಡಿ. ಬಡತನ ಜಾಸ್ತಿ ಇರುವ ಕೆಲವು ಶಾಲೆಗಳು ಎಲ್ಲರಿಗೂ ಉಚಿತ ಊಟ ಕೊಡುತ್ತವೆ. ಅಲ್ಲಿ ಶೇ. 100 ಅಂತಿದ್ದರೆ ಎಲ್ಲರೂ ಬಡವರು ಅಂತಲ್ಲ.

ನನ್ನ ಪ್ರಕಾರ ನಿಜವಾಗಿ ನೋಡಬೇಕಾದ್ದು ಬೆಳವಣಿಗೆ: ಅದೇ ಮಕ್ಕಳು ಹೋದ ವರ್ಷಕ್ಕಿಂತ ಎಷ್ಟು ಮುಂದೆ ಬಂದಿದ್ದಾರೆ ಅನ್ನೋದು. ಹಲವು ರಾಜ್ಯಗಳ ವರದಿಯಲ್ಲಿ ಇದು ಸಿಗುತ್ತದೆ.